ಮೂರು ಸಲ ಕರೆದ ಹೆಸರು

ನಮ್ಮ ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ನನಗೆ ಹುಟ್ಟಿದಾಗಿನಿಂದ ಬಾಯಿ ಮುಚ್ಚುವುದಿಲ್ಲ. ಗಬ್ಬೂರಿನ ಇಷ್ಟೊಂದು ಮನೆಗಳಲ್ಲಿ ದೇವರಿಗೆ ನಮ್ಮದೊಂದೇ ಕಂಡಿತೇ ಎಂದು ಅವ್ವ ಆಗಾಗ ಕೇಳುತ್ತಾಳೆ. ಆಕೆಗೆ ಹೆಚ್ಚು ತೊಂದರೆ ಕೊಟ್ಟಿರುವುದು ಎರಡನೆಯದು.

ನಮ್ಮ ಮನೆಯಲ್ಲಿ ಮಾತೆಲ್ಲ ಕೈಯಲ್ಲಿ. ಅಕ್ಕ ಕಲಿತ ಶಾಲೆಯ ಕೈಮಾತು ಬೇರೆ, ಅದು ಇಂಗ್ಲಿಷ್ ಮೀಡಿಯಂ ಇದ್ದಂತೆ, ಬಲು ಶಿಸ್ತು. ಮನೆಯದು ನಾವೇ ಕಟ್ಟಿಕೊಂಡದ್ದು. ಮೀಸೆ ತಿರುವಿದರೆ ಅಪ್ಪ. ಅಪ್ಪ ಮೀಸೆ ಬೋಳಿಸಿ ಎಷ್ಟೋ ವರ್ಷವಾದವು, ಆದರೂ ಅವನಿಗೆ ಬೇರೆ ಗುರುತು ಸಿಕ್ಕಿಲ್ಲ. ಗದ್ದದ ಕೆಳಗೆ ಬೆರಳು ಇಳಿಬಿಟ್ಟರೆ ಆಡು. ನಾಲ್ಕು ಬೆರಳನ್ನು ಹೆಬ್ಬೆರಳಿಗೆ ಪಟಪಟ ಬಡಿದರೆ ಅದು ನಾನು. ಗಲ್ಲಕ್ಕೆ ಕೈ ಹಚ್ಚಿಕೊಂಡು ಕಣ್ಣು ಅರ್ಧ ಮುಚ್ಚಿದರೆ ಸರ್ಕಾರಿ ಆಫೀಸು. ಈ ಕೊನೆಯದು ದೇವದುರ್ಗದ ತಾಲೂಕು ಕಚೇರಿಯ ಬೆಂಚಿನ ಮೇಲೆ ಹುಟ್ಟಿದ್ದು. ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ಹೋಗಿ ನಾವು ಅಲ್ಲಿ ಕೂತ ಕೂರುವಿಕೆಗೆ ಬೆಂಚಿನ ಹಲಗೆ ನಮ್ಮ ಆಕಾರಕ್ಕೆ ತಗ್ಗಿತ್ತು.

ಅಂಥ ಕಡೆಯೆಲ್ಲ ಅಕ್ಕನ ದನಿ ನಾನೇ. ಆಕೆ ಎರಡು ಬೆರಳು ಆಡಿಸಿದರೆ ನಾನು ಎರಡು ನಿಮಿಷ ಮಾತಾಡುತ್ತೇನೆ. "ಆಕಿ ಎಷ್ಟು ಓದ್ಯಾಳ?" ಎಂದು ದೇವದುರ್ಗದ ಗುಮಾಸ್ತರು ಕೇಳಿದಾಗ ಅಕ್ಕ ಪಿಯುಸಿ ಎಂದಷ್ಟೇ ತೋರಿಸಿದಳು. ನಾನು, "ಪಿಯುಸಿರೀ, ಅದೂ ಫಸ್ಟ್ ಕ್ಲಾಸ್. ರಿಸಲ್ಟ್ ಬಂದ ದಿನ ಊರಾಗ ಡೊಳ್ಳು ಹೊಡೆಸಿದ್ವಿ, ಈಕಿ ಒಬ್ಬಾಕಿಗೇ ಕೇಳಲಿಲ್ಲ" ಎಂದೆ. ಗುಮಾಸ್ತರು ನಕ್ಕರು. ಸಣ್ಣ ಸನ್ನೆಗೆ ಇಷ್ಟುದ್ದ ಮಾತೇಕೆ ಎಂದು ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಈ ಓಡಾಟವೆಲ್ಲ ಒಂದು ಕೆಲಸಕ್ಕಾಗಿ. ಜಿಲ್ಲೆಯ ಒಂದು ಕಚೇರಿಯಲ್ಲಿ ಅಟೆಂಡರ್ ಹುದ್ದೆ, ಕಿವಿ ಕೇಳದವರಿಗೆಂದು ಮೀಸಲಿಟ್ಟದ್ದು, ಇದ್ದದ್ದೇ ಒಂದು. ಪಟ್ಟಿಯಲ್ಲಿ ಅಕ್ಕನ ಹೆಸರು ಮೊದಲನೆಯದಾಗಿತ್ತು. ರಾಯಚೂರಿಗೆ ಹೋಗಿ ಮೂಲ ದಾಖಲೆ ತೋರಿಸಿ ಬಂದರೆ ಮುಗಿಯಿತು. ಹೋಗದಿದ್ದರೆ ಅದು ಎರಡನೆಯವರಿಗೆ.

ಮನೆಯಲ್ಲಿ ಎಲ್ಲರೂ ಅಕ್ಕನನ್ನು ಹೆಗಲು ತಟ್ಟಿ ಕರೆಯುತ್ತಾರೆ. ಹಿಟ್ಟು ಬೀಸಿಕೊಂಡು ಬಾ ಎಂದು ತಟ್ಟುತ್ತಾರೆ, ಪಾತ್ರೆ ತಿಕ್ಕು ಎಂದು ತಟ್ಟುತ್ತಾರೆ. ತಟ್ಟಿಸಿಕೊಂಡು ತಟ್ಟಿಸಿಕೊಂಡು ತನ್ನ ಬಲಹೆಗಲು ಒಂದಂಗುಲ ಕೆಳಗೆ ಇಳಿದಿದೆ ಎಂದು ಆಕೆಯೇ ಕನ್ನಡಿಯಲ್ಲಿ ನನಗೆ ತೋರಿಸಿದ್ದಳು. ಆಕೆಗೆ ಬೇಕಾದದ್ದು ಒಂದು ಕುರ್ಚಿ, ಅದರ ಮೇಲೆ ತಾನು, ಬೇಕಾದವರು ಎದುರಿಗೆ ಬಂದು ನಿಂತು ಕೇಳಬೇಕು. ಇದನ್ನು ನಾನು ಅವ್ವನಿಗೆ ಹೇಳಿದರೆ ಅವ್ವ, "ಅಟೆಂಡರಿಗಿ ಕುರ್ಚಿ ಎಲ್ಲಿ ಕೊಡ್ತಾರ, ಸ್ಟೂಲ್ ಕೊಡ್ತಾರ" ಎಂದಳು. ಅದನ್ನು ಅಕ್ಕನಿಗೆ ದಾಟಿಸಿದೆ. ಸ್ಟೂಲಾದರೂ ಸರಿ ಎಂದಳು.

ಆ ದಿನ ಅಕ್ಕ ಇಸ್ತ್ರಿ ಮಾಡಿದ ಚೂಡಿದಾರಿನ ಮಡಿಕೆ ಮುರಿಯಬಾರದೆಂದು ಗಬ್ಬೂರಿನಿಂದ ರಾಯಚೂರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದಳು. ಕೂರಲು ಜಾಗವೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಕಚೇರಿಯ ಗೋಡೆಗೆ ವಿಶೇಷಚೇತನರ ದಾಖಲೆ ಪರಿಶೀಲನೆ ಎಂದು ಬ್ಯಾನರ್ ಕಟ್ಟಿ, ಬಾಣದ ಗುರುತು ಹಾಕಿದ್ದರು. ಬಾಣ ಮೇಲಕ್ಕೆ ತೋರಿಸುತ್ತಿತ್ತು. ನಾನು ಮೊದಲು ಸ್ವರ್ಗಕ್ಕೆ ಅಂದುಕೊಂಡೆ, ನೋಡಿದರೆ ಮೊದಲ ಮಹಡಿಗೆ. ಬಾಗಿಲ ಪಕ್ಕ ಒಂದು ರ್‍ಯಾಂಪೂ ಇತ್ತು. ಅದರ ಮೇಲೆ ಸಿಬ್ಬಂದಿಯ ಬೈಕುಗಳು ಒತ್ತೊತ್ತಾಗಿ, ಜಾತ್ರೆಗೆ ಬಂದ ಎತ್ತುಗಳಂತೆ ಮೂತಿ ಮೇಲೆ ಮಾಡಿ ನಿಂತಿದ್ದವು. ಬೈಕುಗಳಿಗಾದರೂ ಅನುಕೂಲವಾಯಿತಲ್ಲ ಎಂದು ನಾನು ಸನ್ನೆ ಮಾಡಿದೆ. ಅಕ್ಕ ನಗಲಿಲ್ಲ. ಫೈಲನ್ನು ಎದೆಗೆ ಒತ್ತಿಕೊಂಡಿದ್ದಳು.

ಮೆಟ್ಟಿಲ ಬುಡದಲ್ಲಿ ಖಾಕಿ ಅಂಗಿಯ ಕಾವಲುಗಾರರೊಬ್ಬರು ನನ್ನನ್ನು ತಡೆದರು.

"ಬರೇ ಕ್ಯಾಂಡಿಡೇಟ್ ಒಳಗ. ನೀ ಇಲ್ಲೇ ನಿಂದ್ರು."

"ಆಕಿಗಿ ಕಿವಿ ಕೇಳಂಗಿಲ್ರಿ. ನಾ ಆಕಿ ಜೋಡಿ ಇರಬೇಕು."

"ಸರ್ಟಿಫಿಕೇಟ್ ಅದ ಇಲ್ಲ?"

"ಅದರೀ."

"ಮತ್ತ ಅದನ್ನ ಒಳಗ ತೋರಸ್ಲಿ. ನಿನ್ನ ಯಾಕ ತೋರಸ್ಬೇಕು?"

ಅವರು ಜಗ್ಗದ್ದನ್ನು ಕಂಡು ಅಕ್ಕನೇ ಒಂದು ಉಪಾಯ ಮಾಡಿದಳು. ಮೇಲಿನ ಕಿಟಕಿಯ ಹತ್ತಿರ ಒಂದು ಹಾರ್ನ್ ಕಟ್ಟಿದ್ದರು, ಒಳಗೆ ಮೈಕಿನಲ್ಲಿ ಕರೆದ ಹೆಸರು ಅಂಗಳಕ್ಕೂ ಕೇಳಲಿ ಎಂದು. ತಾನು ಆ ಕಿಟಕಿಯ ಬಳಿ ಕೂರುತ್ತೇನೆ, ನೀನು ಎದುರಿನ ಬೇವಿನ ಗಿಡದ ಕೆಳಗೆ ನಿಂತು ಕೇಳಿಸಿಕೊ, ತನ್ನ ಹೆಸರು ಬಂದಾಗ ಎರಡೂ ಕೈ ಎತ್ತು ಎಂದಳು. ಅಷ್ಟೇ.

ನಾನು ಗಿಡದ ಕೆಳಗೆ ನಿಂತೆ. ಆಕೆ ಕಿಟಕಿಯಲ್ಲಿ ಕಾಣಿಸಿದಳು. ಮೇಲೆ ಎಷ್ಟು ಜನ, ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂದೆಲ್ಲ ನಾನು ಕೆಳಗಿನಿಂದ ವಿಚಾರಿಸತೊಡಗಿದೆ. ಹಿಂದಿನಿಂದ ಯಾರೋ ನನ್ನ ಕಾಲರ್ ಹಿಡಿದರು. ಅದೇ ಕಾವಲುಗಾರರು.

"ಏನಲೇ, ಮ್ಯಾಲಿನ ಹುಡುಗಿಗಿ ಕೈ ಮಾಡಾಕತ್ತಿ? ಇದೇನು ಗಾರ್ಡನ್ ಅನ್ಕೊಂಡಿ ಏನು?"

"ನಮ್ಮ ಅಕ್ಕರೀ ಆಕಿ."

"ಸಿಕ್ಕಬಿದ್ದಾಗ ಎಲ್ಲಾರೂ ಅಕ್ಕನ ಆಗ್ತಾರ."

ಅಷ್ಟರಲ್ಲಿ ಗಿಡದ ಇನ್ನೊಂದು ಬದಿಯಿಂದ, "ಬಿಡ್ರಿ ಸಾಹೇಬ್ರ, ಇಬ್ಬರದೂ ಮೂಗು ನೋಡ್ರಿ, ಒಂದ ಅಚ್ಚಿನ್ಯಾಗ ಹೊಯ್ದಂಗ ಅದ" ಎಂದು ದನಿ ಬಂತು. ಮೂರು ಗಾಲಿಯ ಕೈಗಾಡಿಯಲ್ಲಿ ಬಿಳಿ ಅಂಗಿ ತೊಟ್ಟು ಕುಳಿತ ನಡುವಯಸ್ಸಿನವರೊಬ್ಬರು. ಎರಡೂ ಕಾಲು ಬಲವಿಲ್ಲದೆ ಮಡಚಿಕೊಂಡಿದ್ದವು. ಕಾವಲುಗಾರರು ನನ್ನ ಮೂಗನ್ನೂ ಕಿಟಕಿಯನ್ನೂ ನೋಡಿ ಕಾಲರ್ ಬಿಟ್ಟರು. ನಮ್ಮ ಮೂಗು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅವರು ಮಾನ್ವಿಯವರು. ಕಾಲಿನ ತೊಂದರೆ ಇದ್ದವರಿಗೆ ಮೀಸಲಾದ ಬೇರೊಂದು ಹುದ್ದೆಗೆ ಬಂದಿದ್ದರು. ನಾನು ಮಾಮಾ ಎಂದೆ, ಅವರು ಅಳಿಯಾ ಎಂದರು.

"ಮಾನ್ವ್ಯಾಗೂ ಮೆಟ್ಟಲ, ಇಲ್ಲೂ ಮೆಟ್ಟಲ" ಎಂದರು. "ಜಿಲ್ಲಾ ಕೇಂದ್ರ ಅಲ್ಲಾ, ಇಲ್ಲಿ ಜರಾ ಜಾಸ್ತಿ ಕಟ್ಯಾರ."

"ಮತ್ತ ಹೆಂಗ ಹತ್ತತೀರಿ ಮಾಮಾ?"

"ಬೆಳಗಿನಿಂದ ಅದನ್ನ ನಾನೂ ಕೇಳಾಕತ್ತೀನಿ. ಹೆಸರು ಕರದಾಗ ನೋಡೂಣು ಅಂತಾರ."

ಹಾರ್ನಿನಲ್ಲಿ ಹೆಸರು ಬಂತು, ಮಾನ್ವಿ ಎಂಬ ಊರೂ ಬಂತು. ಮಾಮಾ ಕೈ ಎತ್ತಿ, "ಇದ್ದೀನ್ರೀ, ಕೆಳಗ ಇದ್ದೀನಿ" ಎಂದು ಕೂಗಿದರು. ಹಾರ್ನಿಗೆ ಬಾಯಿ ಇತ್ತು, ಕಿವಿ ಇರಲಿಲ್ಲ. ಕಾವಲುಗಾರರು ಮೇಲೆ ಹೋಗಿ ಬಂದು, ಯಾರಾದರೂ ಹೊತ್ತು ತಂದರೆ ಸ್ವಲ್ಪ ಕಾಯುತ್ತಾರಂತೆ, ಫೈಲ್ ಅಷ್ಟೇ ಕಳಿಸಿದರೆ ನಡೆಯುವುದಿಲ್ಲವಂತೆ, ಆಸಾಮಿಯೇ ಬರಬೇಕಂತೆ ಎಂದರು. ಹೊರೋಣವೆಂದರೆ ಕಾವಲುಗಾರರಿಗೆ ಸೊಂಟದ ನೋವು. ಅಂಗಳದಲ್ಲಿ ಉಳಿದಿದ್ದವರಲ್ಲಿ ಒಬ್ಬರಿಗೆ ಕಣ್ಣಿಲ್ಲ, ಮತ್ತೊಬ್ಬರಿಗೆ ಒಂದು ಕೈಯಿಲ್ಲ. ಎಲ್ಲ ಸರಿಯಿದ್ದವನು ನಾನೊಬ್ಬನೇ.

ನಾನು ಕಿಟಕಿ ನೋಡಿದೆ. ಅಕ್ಕ ಎಲ್ಲವನ್ನೂ ನೋಡುತ್ತಿದ್ದಳು. ಮಾಮಾನ ಕಡೆ ತೋರಿಸಿ, ಬೆನ್ನ ಮೇಲೆ ಹೊರುವಂತೆ ಸನ್ನೆ ಮಾಡಿದಳು. ನಿನ್ನದು ಬಂದರೆ ಎಂದು ಕೇಳಿದೆ. ಬೇಗ ಹೋಗಿ ಬಾ ಎಂದಳು.

ಮಾಮಾನನ್ನು ಉಪ್ಪಿನ ಮೂಟೆಯಂತೆ ಹೊತ್ತೆ. ಆತನ ತೂಕ ಹೇಳಬೇಕೆಂದರೆ ಒಂದು ಚೀಲ ಜೋಳ, ಅದರ ಮೇಲೆ ಇನ್ನೊಂದು ಚೀಲ ಜೋಳ, ಅದರ ಮೇಲೆ ಬೀಡಿ ಸೇದುತ್ತ ಕುಳಿತ ಹಮಾಲ. "ಏನು ತಿಂತೀರಿ ಮಾಮಾ?" ಎಂದರೆ, "ಸರ್ಕಾರದ ಅಕ್ಕಿ, ಬಿಟ್ಟರ ನಮ್ಮಾಕಿ ಬೈಗಳ" ಎಂದು ಕಿವಿಯಲ್ಲೇ ಹೇಳಿದರು. ನಗುತ್ತ ಹತ್ತಿದರೆ ಉಸಿರು ಸಾಲುವುದಿಲ್ಲ ಎಂದು ನನಗೆ ಅಲ್ಲೇ ಗೊತ್ತಾದದ್ದು. ಮೆಟ್ಟಿಲು ತಿರುಗುವ ಮೂಲೆಗೆ ಬಂದೆವು. ಆ ಮೂಲೆಗೆ ಇಡೀ ಜಿಲ್ಲೆಯೇ ಗುಟ್ಕಾ ಉಗುಳಿ ಬಣ್ಣ ಬಳಿದಿತ್ತು.

ಅಲ್ಲಿ ಹಾರ್ನ್ ಕೇಳಿಸಿತು. ಅಕ್ಕನ ಹೆಸರು, ಅಪ್ಪನ ಹೆಸರು, ಗಬ್ಬೂರು.

ನಾನು ಕೂಗಿದೆ. ಮಾಮಾ ನನ್ನ ಕಿವಿಯ ಬಳಿಯೇ ಇನ್ನೂ ಜೋರಾಗಿ ಕೂಗಿದರು. ಮೇಲೆ ಬಾಗಿಲಲ್ಲಿ ನಿಂತಿದ್ದ ಜನ ನಮ್ಮನ್ನು ತಿರುಗಿ ನೋಡಿ, ಯಾರೋ ಬಿದ್ದರೆಂದು ತಿಳಿದು ದಾರಿ ಬಿಡುವ ಬದಲು ನೋಡಲು ಮುಂದೆ ಬಂದರು. ಎರಡನೆಯ ಸಲ ಹೆಸರು ಬಂತು.

"ಇಳಸು ಅಳಿಯಾ, ಇಲ್ಲೇ ಇಳಸು. ಓಡು" ಎಂದರು ಮಾಮಾ.

ಇಳಿಸುವ ಜಾಗದಲ್ಲೆಲ್ಲ ಕೆಂಪು ಉಗುಳು. ಆತನ ಅಂಗಿ ಬಿಳಿಯದು. ಒಂದು ಮೆಟ್ಟಿಲು ಮೇಲೆ ಹತ್ತಿ ಕೂರಿಸಲು ಹೋದೆ, ಆತನ ಕಾಲು ನನ್ನ ಬೆಲ್ಟಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಮೂರನೆಯದು ಬಂತು, ಅದರ ಹಿಂದೆಯೇ ಇನ್ಯಾರದೋ ಹೆಸರು.

ಜನರ ನಡುವೆ ನುಗ್ಗಿ ಒಳಗೆ ಹೋದೆ. ಅಕ್ಕ ಇಡೀ ಕೋಣೆಗೆ ಬೆನ್ನು ಹಾಕಿ ಕುಳಿತಿದ್ದಳು. ಕಿಟಕಿಯಿಂದ ಬೇವಿನ ಗಿಡದ ಕೆಳಗೆ ಖಾಲಿ ಕೈಗಾಡಿಯ ಪಕ್ಕ ನನ್ನನ್ನು ಹುಡುಕುತ್ತಿದ್ದಳು. ಮನೆಯವರಂತೆ ನಾನೂ ಆಕೆಯ ಹೆಗಲು ತಟ್ಟಿದೆ.

ಮೇಜಿನ ಹಿಂದಿದ್ದ ಗುಮಾಸ್ತರು ಒಳ್ಳೆಯವರು. ನನ್ನ ಏದುಸಿರು ನೋಡಿ ತಮ್ಮ ನೀರಿನ ಬಾಟಲಿ ಕೊಟ್ಟರು. ಆಮೇಲೆ, "ಆಕೀದು ಗೈರು ಆಗ್ಯದಪಾ. ಮೂರು ಸಲ ಕರದೀವಿ" ಎಂದರು.

"ಆಕಿಗಿ ಕಿವಿ ಕೇಳಂಗಿಲ್ರಿ."

"ಗೊತ್ತದ. ಕಿವಿ ಕೇಳದವರು ಬರ್ತಾರಂತನ ಈ ಸಲ ಮೈಕ್ ತರಿಸೀವಿ."

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ನಾನು ಎರಡೆರಡು ಸಲ ಅವರ ಮುಖ ನೋಡಿದೆ. ಮೈಕನ್ನು ಬಾಡಿಗೆಗೆ ತರಲು ಸ್ವತಃ ಓಡಾಡಿದ್ದಾಗಿ ಹೇಳಿದರು. ನಾನು ಜನ್ಮದಲ್ಲಿ ಕಟ್ಟಿದ ಸುಳ್ಳುಗಳಲ್ಲಿ ಒಂದೂ ಇದರ ಪಕ್ಕ ನಿಲ್ಲುವಂತಿರಲಿಲ್ಲ.

"ಈಗ ಬಂದಾಳಲ್ಲರೀ. ನೋಡ್ರಿ, ಇಲ್ಲೇ ನಿಂತಾಳ."

"ಕಂಪ್ಯೂಟರಿನ್ಯಾಗ ಗೈರು ಒತ್ತೀನಿ. ಒತ್ತಿದ್ದು ವಾಪಸ್ ಬರಂಗಿಲ್ಲ. ಸಾಹೇಬ್ರಿಗಿ ಅರ್ಜಿ ಕೊಡ್ರಿ."

"ಸಾಹೇಬ್ರು ಎಲ್ಲ್ಯದಾರ?"

"ಮೀಟಿಂಗಿಗಿ ಹೋಗ್ಯಾರ. ಬೆಂಗಳೂರಿಗಿ."

ಏನಂತೆ ಎಂದು ಅಕ್ಕ ಕೇಳಿದಳು. ಗೈರುಹಾಜರಿಗೆ ನಮ್ಮ ಮನೆಯಲ್ಲಿ ಸನ್ನೆ ಇಲ್ಲ; ಇರುವ ನಾಲ್ಕೂ ಜನ ಯಾವಾಗಲೂ ಮನೆಯಲ್ಲೇ ಇರುತ್ತೇವೆ. ಆಕೆಯತ್ತ ಬೆರಳು ತೋರಿಸಿ, ಅಂಗೈ ತಿರುವಿ ಇಲ್ಲ ಎಂದೆ. ನೀನು ಇಲ್ಲ. ಅಕ್ಕ ತನ್ನ ಎದೆ ಮುಟ್ಟಿಕೊಂಡು ನೆಲ ತೋರಿಸಿದಳು. ಮತ್ತೊಮ್ಮೆ ಎದೆ, ಮತ್ತೊಮ್ಮೆ ನೆಲ.

"ಏನಂತಾಳ?" ಎಂದರು ಗುಮಾಸ್ತರು.

"ನಾ ಇಲ್ಲೇ ಅದೀನಿ ಅಂತಾಳ್ರಿ" ಎಂದೆ. ಅದಕ್ಕೆ ಸೇರಿಸಲು ನನಗೆ ಒಂದು ಮಾತೂ ಹೊಳೆಯಲಿಲ್ಲ.

ಯಾರೋ ಇಬ್ಬರು ಮಾಮಾನನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ಆತನ ಅಂಗಿಯ ಬೆನ್ನು ಕೆಂಪಾಗಿತ್ತು. ಮಾಮಾನದು ಬೇಗ ಮುಗಿಯಿತು. ಮುಗಿದ ಮೇಲೆ ಆತ, "ಸರ್ರ, ಈ ಹುಡುಗ ನನ್ನ ಹೊತ್ತಕೊಂಡು ಬರೂದ್ರಾಗ ಆಕೀದು ತಪ್ಯದ. ನಂದು ಬೇಕಾರ ಗೈರು ಒತ್ತ್ರಿ" ಎಂದರು.

"ನಿಮ್ಮದು ಆತಲ್ಲ, ನೀವು ನಡೀರಿ" ಎಂದರು ಗುಮಾಸ್ತರು. ಎಂದವರು ಆತನ ಕಾಲು ನೋಡಿ ನಾಲಿಗೆ ಕಚ್ಚಿಕೊಂಡರು.

ನಾನೇ ಮತ್ತೆ ಮಾಮಾನನ್ನು ಹೊತ್ತು ಕೆಳಗಿಳಿಸಿದೆ. ಅಕ್ಕ ಮೇಜಿನ ಮುಂದಿನಿಂದ ಸರಿಯಲಿಲ್ಲ. ಊಟದ ಹೊತ್ತಿಗೆ ಕೋಣೆಗೆ ಬೀಗ ಹಾಕಬೇಕೆಂದು ಅಲ್ಲಿಯ ಅಟೆಂಡರ್ ಬಂದು ನಿಂತಾಗ ಫೈಲ್ ತೆಗೆದುಕೊಂಡು ಹೊರಗೆ ಬಂದಳು. ಸಾಹೇಬರಿಗೆಂದು ನಾವು ಬರೆದ ಅರ್ಜಿಯನ್ನು ಒಂದು ಡಬ್ಬಿಗೆ ಹಾಕಿಸಿಕೊಂಡರು. ಡಬ್ಬಿ ತುಂಬಿತ್ತು, ಬೆರಳಿನಿಂದ ಒತ್ತಿ ತುರುಕಬೇಕಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಆಕೆಯನ್ನು ನಗಿಸೋಣವೆಂದು ಮೈಕಿನವರು ಹೆಸರು ಕರೆಯುವುದನ್ನು ಅಣಕಿಸಿ ತೋರಿಸಿದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು. ಆಮೇಲೆ ನಿಧಾನವಾಗಿ ಸನ್ನೆಯಲ್ಲಿ ಹೇಳಿದಳು: ಕಿಟಕಿಯ ಸರಳು ಹಿಡಿದು ಕುಳಿತಿದ್ದೆ. ಒಂದೊಂದು ಹೆಸರು ಕರೆದಾಗಲೂ ಸರಳು ನಡುಗುತ್ತಿತ್ತು. ಕೈಗೆ ಗೊತ್ತಾಗುತ್ತಿತ್ತು, ಯಾರನ್ನೋ ಕರೆದರು ಎಂದು. ಪ್ರತಿಸಲ ಕೆಳಗೆ ನಿನ್ನನ್ನು ನೋಡುತ್ತಿದ್ದೆ. ನೀನು ಮೆಟ್ಟಿಲಿಗೆ ಹೋದ ಮೇಲೂ ನಡುಗಿತು, ಮೂರು ಸಲ, ಒಂದೇ ತರಹ. ಮೂರು ಬೇರೆ ಬೇರೆ ಜನ ಎಂದುಕೊಂಡೆ.

ಏನೋ ಹೇಳಲು ನಾನು ಕೈ ಎತ್ತಿದೆ. ಅಷ್ಟರಲ್ಲಿ ನಮ್ಮೂರ ಮೇಲೆ ಹೋಗುವ ದೇವದುರ್ಗದ ಬಸ್ ಬಂತು, ಜನ ನಮ್ಮಿಬ್ಬರನ್ನೂ ತಳ್ಳಿಕೊಂಡೇ ಒಳಗೆ ಹೋದರು. ಅಕ್ಕನ ಒಂದು ಕೈಯಲ್ಲಿ ಫೈಲ್, ಇನ್ನೊಂದರಲ್ಲಿ ಸೀಟಿನ ಸರಳು. ನಾನು ಎರಡೂ ಕೈಯಿಂದ ಮೇಲಿನ ಕಂಬಿ ಹಿಡಿದು ಜೋತಾಡುತ್ತಿದ್ದೆ. ಗಬ್ಬೂರು ಬರುವವರೆಗೆ ಇಬ್ಬರಿಗೂ ಕೈ ಖಾಲಿಯಾಗಲಿಲ್ಲ.