ಆಟಿ ಕಾಯದ ಗಿರಿಜಕ್ಕ

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹತ್ತಿದವರಿಗೆ ಗೊತ್ತು, ಲೇಡೀಸ್ ಡಬ್ಬಿಯಲ್ಲಿ ನಾಲ್ಕನೆಯ ಸೀಟು ಗಿಟ್ಟಿಸುವುದು ಮಗಳಿಗೆ ಗಂಡು ಹುಡುಕುವುದಕ್ಕಿಂತ ಕಷ್ಟ. ಮೂವರು ಕೂತ ಬೆಂಚಿನ ತುದಿಯಲ್ಲಿ ಅರ್ಧ ಮೈ ಊರಲು ಜಾಗ ಬೇಕೆಂದರೆ ಕೆಲವರು ಹಲ್ಲು ಕಿರಿಯುತ್ತಾರೆ, ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಗಿರಿಜಕ್ಕ ಇವೆರಡನ್ನೂ ಮಾಡುತ್ತಿರಲಿಲ್ಲ. ಬೆಂಚಿನ ಮುಂದೆ ನಿಂತು, ಹೊಟೇಲಿನಲ್ಲಿ ಇಡ್ಲಿ ವಡೆಗೆ ಹೇಳುವಷ್ಟು ಸಲೀಸಾಗಿ, ಇಡೀ ಡಬ್ಬಿಗೆ ಕೇಳುವಂತೆ ಹೇಳುತ್ತಿದ್ದರು: "ಕ್ಯಾನ್ಸರ್ ಹುವಾ ಥಾ ಮೇರೆಕೋ. ಜರಾ ಸರ್ಕೋ."

ಮೂವರೂ ಬೆಚ್ಚಿ ಸರಿಯುತ್ತಿದ್ದರು. ಜಾಗವಾದ ಕೂಡಲೇ ಗಿರಿಜಕ್ಕ ಅಲ್ಲಿ ಯಾವಳೋ ಬಸುರಿಯನ್ನೋ ಮೊಣಕಾಲು ನೋವಿನ ಮುದುಕಿಯನ್ನೋ ಕೂರಿಸಿ, ತಾವು ನಿಂತೇ ಠಾಣೆ ಸ್ಟೇಷನ್ ಮುಟ್ಟುತ್ತಿದ್ದರು. ನಿಮಗೆ ಕೂರಲಿಕ್ಕೆ ಇಲ್ಲದಿದ್ದರೆ ಕೇಳುವುದೇಕೆ ಎಂದು ನಾನೊಮ್ಮೆ ರೇಗಿದ್ದೆ.

"ಬಂದದ್ದಂತೂ ಬಂತು. ಸ್ವಲ್ಪ ಉಪಯೋಗಕ್ಕಾದರೂ ಬರಲಿ ಮಾರಾಯ್ತಿ" ಎಂದರು.

ನಮ್ಮ ಜನ ಆ ಶಬ್ದವನ್ನು ಬಾಯಿಬಿಟ್ಟು ಹೇಳುವವರಲ್ಲ. 'ದೊಡ್ಡ ಕಾಯಿಲೆ' ಅನ್ನುತ್ತೇವೆ, 'ಅದೇ' ಅನ್ನುತ್ತೇವೆ, ಅದೂ ದನಿ ತಗ್ಗಿಸಿ. ಗಿರಿಜಕ್ಕನಿಗೆ ದನಿ ತಗ್ಗಿಸಲು ಬರುತ್ತಲೇ ಇರಲಿಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು, ಯಾವುದೋ ದೊಡ್ಡ ಕಂಪೆನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ಅವರು ಅಡುಗೆಮನೆಯಲ್ಲಿ ಮಾತಾಡಿದರೆ ನಮ್ಮ ಸೊಸೈಟಿಯ ವಾಚ್‌ಮನ್‌ಗೆ ಅವತ್ತಿನ ಸಾರು ಯಾವುದೆಂದು ತಿಳಿಯುತ್ತಿತ್ತು. ಕ್ಯಾಂಟೀನು ನಡೆಸುತ್ತಿದ್ದ ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಗ ಘೋಡಬಂದರ್ ರಸ್ತೆಯ ಕಡೆ ಫ್ಲ್ಯಾಟು ಮಾಡಿದ್ದ. ಇವರು ಮಾತ್ರ ನಮ್ಮ ಎದುರು ಮನೆ ಬಿಟ್ಟು ಕದಲಿರಲಿಲ್ಲ. ಸ್ತನದ ಗಡ್ಡೆಯನ್ನು ಅವರು ಬೇಗನೆ ಪತ್ತೆಮಾಡಿ ಚಿಕಿತ್ಸೆ ಪಡೆದು ಗುಣವಾದದ್ದು ನಾವು ಆ ಕಟ್ಟಡಕ್ಕೆ ಬರುವ ಮೊದಲಿನ ಕತೆ.

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರ ಮನೆಯಲ್ಲಿ ಹಳದಿ ಕುಂಕುಮ. ವಿಧವೆಯಾದವರು ಅದನ್ನೆಲ್ಲ ಮಾಡುತ್ತಾರೆಯೇ ಎಂದು ಯಾರೋ ಕುಟುಕಿದ್ದಕ್ಕೆ, "ಕುಂಕುಮ ನಿಮಗೆ, ಚಾ ನನಗೆ. ಬನ್ನಿ" ಎಂದು ಬಾಯಿ ಮುಚ್ಚಿಸಿದ್ದರು. ಎಳ್ಳುಂಡೆ ಕೊಟ್ಟಾದ ಮೇಲೆ ಬಾಗಿಲು ಹಾಕಿ ಶುರು ಮಾಡುವರು: "ನಿಮ್ಮಲ್ಲಿ ಸಂಕಷ್ಟಿ ಮಾಡುವವರು ಯಾರೆಲ್ಲ?" ಡೊಂಬಿವಲಿಗೆ ಬಂದ ಮೇಲೆ ಮರಾಠಿ ನೆರೆಹೊರೆಯವರನ್ನು ನೋಡಿ ನಾವೆಲ್ಲ ಪ್ರತಿ ತಿಂಗಳ ಸಂಕಷ್ಟಿ ಹಿಡಿದವರೇ. ಎಲ್ಲರ ಕೈ ಮೇಲೆ. "ಸರಿ. ಆ ದಿನ ಬೆಳಗ್ಗೆ ಸ್ನಾನ ಮಾಡುವಾಗ ಸೋಪಿನ ಕೈಯಲ್ಲಿ ಎರಡೂ ಬದಿ ಮುಟ್ಟಿ ನೋಡಿಕೊಳ್ಳಿ. ಕಂಕುಳು ಬಿಡಬೇಡಿ. ಗಣಪತಿಗೆ ಎಂತ ಬೇಜಾರಿಲ್ಲ." ಹೆಂಗಸರು ಸೆರಗು ಬಾಯಿಗೊತ್ತಿ ನಗುವರು. ನಾನೂ ನಕ್ಕಿದ್ದೆ. ಆದರೆ ವ್ರತದ ಜೊತೆ ಅಂಟಿಕೊಂಡದ್ದು ಬಿಡುವುದು ಹೇಗೆ? ಉಪವಾಸ ಮಾಡುವ ಮನಸ್ಸಿಗೆ ಅದೂ ಒಂದು ನೇಮವಾಯಿತು.

ಅಂಥ ಒಂದು ಸಂಕಷ್ಟಿಯ ಬೆಳಗ್ಗೆ ನನ್ನ ಎಡಬದಿಗೆ ಹೆಸರುಬೇಳೆಯಷ್ಟಲ್ಲ, ಕಡಲೆಗಿಂತ ಸ್ವಲ್ಪ ದೊಡ್ಡದೊಂದು ಗಂಟು ಸಿಕ್ಕಿತು. ಚಂದ್ರ ಬರುವವರೆಗೂ ಕಾಯಲಿಲ್ಲ, ಎದುರು ಮನೆಗೆ ಹೋದೆ. ಗಿರಿಜಕ್ಕ ಮರುದಿನವೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು: ಕ್ಯಾನ್ಸರೇ, ಆದರೆ ಆರಂಭದ ಹಂತ. ಇಡೀ ಸ್ತನ ತೆಗೆಯುವುದು ಬೇಡ, ಗಡ್ಡೆ ತೆಗೆದು ಆಮೇಲೆ ರೇಡಿಯೇಷನ್ ಕೊಡೋಣ, ತಡ ಮಾಡಬೇಡಿ.

ತಡ ಮಾಡಲು ನನ್ನ ಬಳಿ ಕಾರಣ ತಯಾರಿತ್ತು. ಮಗಳು ಸ್ವಾತಿಗೆ ವಾಶಿಯ ಒಂದು ಸಂಬಂಧ ಕೂಡಿಬಂದಿತ್ತು. ನಮ್ಮವರೇ, ಸಗಟು ಮಾರುಕಟ್ಟೆಯಲ್ಲಿ ತೆಂಗಿನಕಾಯಿ ವ್ಯಾಪಾರದವರು, ಒಳ್ಳೆಯ ಹುಡುಗ. ಅಷ್ಟರಲ್ಲಿ ಆಟಿ ತಿಂಗಳು ಹತ್ತಿರವಾಗಿತ್ತು. ನಮ್ಮ ಕರಾವಳಿಯವರಿಗೆ ಆಟಿಯೆಂದರೆ ಶುಭಕಾರ್ಯಕ್ಕೆ ಬಾಗಿಲು ಮುಚ್ಚಿದ ತಿಂಗಳು. ಹಾಗಾಗಿ ನಿಶ್ಚಿತಾರ್ಥವನ್ನು ಆಟಿ ಕಳೆದ ಮೇಲೆ ಇಟ್ಟುಕೊಂಡಿದ್ದರು. ಹುಡುಗಿಯ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾದರೆ, ನಾಳೆ ಹುಡುಗಿಗೂ ಬಂದೀತು ಅನ್ನುವವರೇ ಎಲ್ಲ. ನಿಶ್ಚಿತಾರ್ಥ ಮುಗಿಯಲಿ, ಆಮೇಲೆ ಆಪರೇಷನ್ ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡೆವು. ಹೇಗೂ ಆಟಿಯಲ್ಲಿ ಮೈಗೆ ಕತ್ತರಿ ಮುಟ್ಟಿಸುವುದು ಒಳ್ಳೆಯದಲ್ಲ ಎಂದು ಊರಿನಿಂದ ನನ್ನ ಅತ್ತೆಯೂ ಫೋನಿನಲ್ಲಿ ದನಿಗೂಡಿಸಿದರು.

ಗಿರಿಜಕ್ಕ ಇದನ್ನೆಲ್ಲ ನಮ್ಮ ಸೋಫಾದಲ್ಲಿ ಕೂತು ಕೇಳಿದರು. ಚಹಾದ ಲೋಟ ಕೆಳಗಿಟ್ಟರು.

"ನಿನ್ನ ಗಡ್ಡೆಗೆ ಆಟಿ ಗೊತ್ತುಂಟಾ ಸುಮತಿ? ಅದು ಪಂಚಾಂಗ ನೋಡಿ ಬೆಳೀತದಾ?"

"ಸಂಬಂಧ ತಪ್ಪಿದರೆ ಗಿರಿಜಕ್ಕ?"

"ತಪ್ಪಿದರೆ ಇನ್ನೊಂದು. ಹುಡುಗ ಸಿಗ್ತಾನೆ ಮಾರಾಯ್ತಿ. ತಾಯಿ ಎಲ್ಲಿ ಸಿಗ್ತಾಳೆ?"

ಒಳಗಿದ್ದ ಸ್ವಾತಿ ಹೊರಗೆ ಬಂದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. "ಮಮ್ಮೀ, ಮೇರೇ ನಾಮ್ ಪೇ ಯೇ ಸಬ್ ಮತ್ ಕರ್. ಮುಝೇ ನಹೀ ಚಾಹಿಯೇ ಐಸೀ ಶಾದಿ" ಎಂದವಳೇ, ತನ್ನ ಹೆಸರಿನಲ್ಲಿ ಇದೆಲ್ಲ ಬೇಡ, ಇಂಥ ಮದುವೆಯೇ ಬೇಡವೆಂದು ಅಳಲು ಶುರು ಮಾಡಿದಳು. ನನಗೆ ಅವಳ ಅಳುವಿಗಿಂತ ಹೆಚ್ಚು ಸಿಟ್ಟು ಬಂದದ್ದು ಗಿರಿಜಕ್ಕನ ಮೇಲೆ. ನಮ್ಮ ಮನೆಯ ವಿಷಯದಲ್ಲಿ ಇವರಿಗೇನು ಅಧಿಕಾರ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಅವರು ಎದ್ದು ಹೋಗಲಿಲ್ಲ. ನಾನು ಕುಕ್ಕಿ ಮುಗಿಸುವವರೆಗೆ ಕೂತು, "ನಾಳೆ ವಾಶಿಗೆ ಹೋಗುವ. ನಾವೇ ಹೇಳಿಬಿಡುವ. ಮುಚ್ಚಿಟ್ಟು ಕೊಟ್ಟ ಹುಡುಗಿ ನಾಳೆ ಅಲ್ಲಿ ಸುಖವಾಗಿರ್ತಾಳಾ? ನಾನು ಬರ್ತೇನೆ, ನೀನು ಮಾತಾಡು" ಎಂದರು.

ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಹೋದೆವು. ದಾರಿಯುದ್ದಕ್ಕೂ ಗಿರಿಜಕ್ಕ ತುಟಿ ಬಿಚ್ಚಲಿಲ್ಲ, ಅದೇ ನನಗೆ ಹೆದರಿಕೆ. ಹುಡುಗನ ತಾಯಿ ನಮಗೆ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು. ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ, ನಡುವೆ ಬಿಕ್ಕಿದಾಗ ಗಿರಿಜಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದು ಮಾತ್ರ ನೆನಪಿದೆ. ಆ ಹೆಂಗಸು ಕೆಟ್ಟವರಲ್ಲ. "ಮೊದಲು ನಿಮ್ಮ ಆರೋಗ್ಯ ನೋಡಿಕೊಳ್ಳಿ" ಎಂದು ಕೈಹಿಡಿದು ಹೇಳಿದರು. ವಾರ ಕಳೆಯುವುದರಲ್ಲಿ ಜಾತಕದಲ್ಲಿ ಏನೋ ಸಣ್ಣ ದೋಷ ಕಾಣುತ್ತಿದೆಯೆಂದು ಫೋನು ಬಂತು.

ಸಂಬಂಧ ಮುರಿದ ಸುದ್ದಿ ಕೇಳಿದಾಗ ನನಗೆ ದುಃಖವಾಯಿತು, ಇಲ್ಲವೆಂದರೆ ಸುಳ್ಳು. ಆದರೆ ಅದರ ಬೆನ್ನಿಗೇ, ಹೊತ್ತಿದ್ದ ಮೂಟೆ ಇಳಿಸಿದ ಹಾಗೂ ಆಯಿತು. ಇನ್ನು ಯಾರಿಗಾಗಿ ಕಾಯಬೇಕು? ಆಟಿ ಹುಟ್ಟುವ ಮೊದಲೇ ಆಪರೇಷನ್ ಆಗಿಹೋಯಿತು. ಗಡ್ಡೆ ಇನ್ನೂ ಕಂಕುಳಿನ ಗ್ರಂಥಿಗಳಿಗೆ ಹಬ್ಬಿರಲಿಲ್ಲ, ಕೀಮೋ ಬೇಡ ಎಂದರು. ಡಾಕ್ಟರು ಇದನ್ನು ಹೇಳುವಾಗ ನನ್ನ ಗಂಡ ಗಿರಿಜಕ್ಕನಿಗೆ ಕೈಮುಗಿದರು. "ನನಗಲ್ಲ ಮಾರಾಯ್ರೇ, ಡಾಕ್ಟರಿಗೆ ಮುಗೀರಿ" ಎಂದು ಅವರು ಆಸ್ಪತ್ರೆಯ ವರಾಂಡ ತುಂಬ ನಕ್ಕರು.

ಗಾಯದ ನೀರು ಇಳಿಯಲೆಂದು ಕಂಕುಳ ಬಳಿ ಒಂದು ನಳಿಕೆ ಹಾಕಿ, ಅದರ ತುದಿಗೆ ಬಾಟಲಿ ಕಟ್ಟಿ ಮನೆಗೆ ಕಳಿಸಿದ್ದರು. ಅದನ್ನು ಹಿಡಿದುಕೊಂಡು ಮನೆಯೊಳಗೆ ಓಡಾಡುವುದೇ ನಾಚಿಕೆ. ಗಿರಿಜಕ್ಕ ಒಂದು ಪುಟ್ಟ ಚೀಲ ಹೊಲಿದು ತಂದರು. ಹಳದಿ ಕುಂಕುಮದಲ್ಲಿ ಸಿಗುವ ರವಿಕೆ ಕಣ ಡೊಂಬಿವಲಿಯಲ್ಲಿ ಮನೆಯಿಂದ ಮನೆಗೆ ತಿರುಗುತ್ತದೆಯೇ ಹೊರತು ಯಾರೂ ಅದನ್ನು ಹೊಲಿಸಿದ್ದಿಲ್ಲ. ಗಿರಿಜಕ್ಕನ ಬೀರುವಿನಲ್ಲಿ ಅಂಥವು ರಾಶಿ ಬಿದ್ದಿದ್ದವು. ಅದರಲ್ಲಿ ಚೀಲ ಹೊಲಿದು, ಆಪರೇಷನ್ ಆದ ಹೆಂಗಸರಿಗೆಲ್ಲ ಕೊಡುತ್ತಿದ್ದರು. ನನ್ನದು ನೇರಳೆ ಬಣ್ಣದ್ದು, ಜರಿಯ ಅಂಚಿನದ್ದು. "ಮದುವೆಗೆ ಹೋಗುವ ಹಾಗೆ ಹಾಕಿಕೊ" ಎಂದಿದ್ದರು. ನೋವಿನಲ್ಲೂ ನಗು ಬಂತು.

ನಗು ಬಾರದ್ದು ರೇಡಿಯೇಷನ್ ಶುರುವಾದ ಮೇಲೆ. ನವಿ ಮುಂಬಯಿಯ ಆಸ್ಪತ್ರೆಗೆ ದಿನಾ ಹೋಗಬೇಕು. ಎದೆಯ ಮೇಲೆ ಶಾಯಿಯ ಗೆರೆ ಎಳೆದಿದ್ದರು, ಅದು ಅಳಿಸದಂತೆ ಸ್ನಾನ. ಯಂತ್ರದಡಿ ಮಲಗುವುದು ಕೆಲವೇ ನಿಮಿಷ, ನೋವೂ ಇಲ್ಲ. ಆದರೆ ದಿನ ಹೋದಂತೆ ಚರ್ಮ ಕೆಂಪಗಾಗಿ ಉರಿಯತೊಡಗಿತು, ಮೈಯಲ್ಲಿ ಒಂದು ಹಿಡಿ ಶಕ್ತಿ ಇಲ್ಲ. ಚೌತಿಯ ದಿನಗಳು ಬೇರೆ. ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ದಿನ ಠಾಣೆ ಸ್ಟೇಷನ್ನಿನಲ್ಲೇ ಕೂತುಬಿಟ್ಟೆ. ಗಡ್ಡೆ ಹೋಯಿತಲ್ಲ, ಇನ್ನು ಈ ಸುಡುವುದೆಲ್ಲ ಯಾಕೆ, ಸಾಕು, ಮನೆಗೆ ಹೋಗುತ್ತೇನೆ ಎಂದೆ. ಗಿರಿಜಕ್ಕ ಬೈಯಲಿಲ್ಲ. ಬೈಯುವವರೇ ಬೈಯದಿದ್ದರೆ ಏನು ಮಾಡುವುದು? ಪಕ್ಕದಲ್ಲೇ ಕೂತು ವಡಾಪಾವ್ ತರಿಸಿದರು. ತಿಂದಾದ ಮೇಲೆ, "ಮನೆ ಗುಡಿಸಿ ಕಸ ಮೂಲೆಯಲ್ಲಿ ಬಿಟ್ಟು ಬರ್ತೀಯಾ ನೀನು? ಇಲ್ಲವಲ್ಲ. ಏಳು" ಎಂದರು. ಎದ್ದೆ. ಉಳಿದ ದಿನಗಳಲ್ಲಿ ಒಂದು ದಿನವೂ ಅವರು ನನ್ನನ್ನು ಒಬ್ಬಳೇ ಬಿಡಲಿಲ್ಲ. ನನ್ನನ್ನು ಒಳಗೆ ಕಳಿಸಿ ಹೊರಗಿನ ಬೆಂಚಿನಲ್ಲಿ ಸೊಂಟಕ್ಕೆ ಕೈಕೊಟ್ಟು ಕೂತಿರುತ್ತಿದ್ದರು. ವಯಸ್ಸಾಯಿತು, ಬೆಂಚು ಗಟ್ಟಿ ಅನ್ನುತ್ತಿದ್ದರು.

ಚೇತರಿಕೆಗೆ ಅವರದೇ ಒಂದು ಪರೀಕ್ಷೆ ಇತ್ತು. ಆಪರೇಷನ್ ಆದ ಬದಿಯ ಕೈ ಮೇಲೆತ್ತಲು ಬರುವುದಿಲ್ಲ. ದಿನಾ ಗೋಡೆಯ ಮೇಲೆ ಬೆರಳುಗಳನ್ನು ಸ್ವಲ್ಪ ಸ್ವಲ್ಪವೇ ಮೇಲೆ ಹತ್ತಿಸಬೇಕು. ಆಸ್ಪತ್ರೆಯವರು ಕಾಗದದಲ್ಲಿ ಏನೇ ಬರೆದು ಕೊಡಲಿ, ಲೋಕಲ್ಲಿನಲ್ಲಿ ಆ ಕೈಯಿಂದ ಮೇಲಿನ ಹ್ಯಾಂಡಲ್ ಹಿಡಿದು ನಿಲ್ಲುವವರೆಗೆ ಗಿರಿಜಕ್ಕನ ಪ್ರಕಾರ ನೀವು ಗುಣವಾಗಿಲ್ಲ. ನಾನು ಮೊದಲ ಸಲ ಹಾಗೆ ಹಿಡಿದ ದಿನ, ಐರೋಲಿ ದಾಟುತ್ತಿದ್ದೆವು, ಅವರು ಡಬ್ಬಿಯ ಹೆಂಗಸರಿಗೆಲ್ಲ ಹಿಂದಿ, ಮರಾಠಿ, ತುಳು ಬೆರೆಸಿ ಸಾರಿಬಿಟ್ಟರು. ಗುರುತೇ ಇಲ್ಲದ ಹೆಂಗಸರು ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಸತ್ತೇ ಹೋದೆ ಅನ್ನಿಸಿತು. ಅಷ್ಟು ಸಂತೋಷದಿಂದ ನಾನು ಬದುಕಿನಲ್ಲಿ ಇನ್ನೊಮ್ಮೆ ನಾಚಿಕೊಂಡದ್ದಿಲ್ಲ.

ರೇಡಿಯೇಷನ್ ಮುಗಿದು ಸ್ವಲ್ಪ ದಿನಕ್ಕೆ ಗಿರಿಜಕ್ಕ ಮಗನ ಮನೆಗೆ ಹೋದರು. ಮೊಮ್ಮಗಳ ಪರೀಕ್ಷೆ ಇದೆ, ನಾಲ್ಕು ದಿನ ಇದ್ದು ಬರುತ್ತೇನೆ ಎಂದವರು ತಿಂಗಳುಗಳು ಕಳೆದರೂ ಬರಲಿಲ್ಲ. ಫೋನು ಮಾಡಿದರೆ ಆಮೇಲೆ ಮಾತಾಡುವ ಅನ್ನುವರು. ಆ ವರ್ಷ ಅವರ ಮನೆಯಲ್ಲಿ ಹಳದಿ ಕುಂಕುಮ ಆಗಲಿಲ್ಲ. ನನಗೆ ತಡೆಯಲಾಗದೆ ಒಂದು ದಿನ ಹೇಳದೆಯೇ ಘೋಡಬಂದರ್ ರಸ್ತೆಗೆ ಹೋದೆ.

ಬಾಗಿಲು ತೆರೆದ ಮಗನ ಮುಖ ನೋಡಿದಾಗಲೇ ಗೊತ್ತಾಯಿತು. ಗಿರಿಜಕ್ಕ ಮಂಚದಲ್ಲಿ ಮಲಗಿದ್ದರು, ಮೈ ಅರ್ಧವಾಗಿತ್ತು. ಅಷ್ಟು ವರ್ಷಗಳ ನಂತರ ರೋಗ ಬೆನ್ನುಮೂಳೆಯಲ್ಲಿ ತಿರುಗಿ ಬಂದಿತ್ತು.

"ಯಾರಿಗೂ ಹೇಳಬೇಡ ಆಯ್ತಾ" ಎಂದರು. ಗಿರಿಜಕ್ಕನ ಬಾಯಲ್ಲಿ ಆ ಮಾತು! "ಆ ಹೆಂಗಸರು ಹೆದರ್ತಾರೆ. ಟ್ರೀಟ್‌ಮೆಂಟ್ ಮಾಡಿಯೂ ಎಂತ ಪ್ರಯೋಜನ ಅಂತಾರೆ."

"ನೋವು ಯಾವಾಗ ಶುರುವಾದದ್ದು ಗಿರಿಜಕ್ಕ?"

"ಚೌತಿ ಹೊತ್ತಿಗೆ."

"ಆಗ ನಾವು ದಿನಾ ಒಟ್ಟಿಗೇ ಆಸ್ಪತ್ರೆಗೆ ಹೋಗ್ತಿದ್ದೆವಲ್ಲ! ಅಲ್ಲೇ ತೋರಿಸಬಹುದಿತ್ತಲ್ಲ!"

"ನಿನ್ನದು ಮುಗೀಲಿ ಅಂತ ಇದ್ದೆ. ನಾನು ಮಲಗಿದ್ರೆ ನೀನು ಅರ್ಧಕ್ಕೇ ಬಿಡ್ತಿದ್ದೆ."

ಅವರ ಕಾಲ ಬಳಿ ಕೂತು ಅತ್ತೆ. ಅವರು ಕೈ ಚಾಚಿ ನನ್ನ ತಲೆ ಮುಟ್ಟಿದರು. "ಅಳಬೇಡ ಮಾರಾಯ್ತಿ. ಡಾಕ್ಟರು ಹೇಳಿದ್ದಾರೆ, ಮೊದಲೇ ತೋರಿಸಿದ್ರೂ ಎಂತ ದೊಡ್ಡ ವ್ಯತ್ಯಾಸ ಆಗ್ತಿರಲಿಲ್ಲ ಅಂತ. ಇವನನ್ನು ಬೇಕಾದ್ರೆ ಕೇಳು." ಮಗ ಕಿಟಕಿಯ ಕಡೆ ನೋಡುತ್ತಿದ್ದ. ನಾನು ಹೊರಟಾಗ, "ಗರ್ದಿ ಆಗುವ ಮೊದಲು ಗಾಡಿ ಹಿಡಿ" ಎಂದರು. ಅದೇ ಕೊನೆಯ ಮಾತು. ಶಿವರಾತ್ರಿ ಕಳೆದು ವಾರದೊಳಗೆ ಗಿರಿಜಕ್ಕ ತೀರಿಕೊಂಡರು.

ನನ್ನ ತಪಾಸಣೆಗಳು ಇಂದಿನವರೆಗೆ ಸರಿಯಾಗಿ ಬರುತ್ತಿವೆ. ಸ್ವಾತಿಗೆ ಮದುವೆಯಾಗಿದೆ, ಹುಡುಗನ ಮನೆಯವರಿಗೆ ಎಲ್ಲವನ್ನೂ ಮೊದಲೇ ಹೇಳಿದ್ದೆವು. ನಾನು ಮಗಳ ಧಾರೆ ಎರೆದದ್ದು ಗಿರಿಜಕ್ಕನಿಂದ. ದೇವರ ಮುಂದೆ ನಿಂತಾಗ ಮೊದಲು ನೆನಪಾಗುವುದು ಅವರೇ, ದೇವರು ಆಮೇಲೆ. ಅವರ ಮಗ ಆಗಾಗ ಫೋನು ಮಾಡಿ ಆಂಟಿ ಹೇಗಿದ್ದೀರಿ ಎಂದು ವಿಚಾರಿಸುತ್ತಾನೆ. ಮೊದಲೇ ತೋರಿಸಿದ್ದರೂ ಅಷ್ಟೇ ಎಂದು ಡಾಕ್ಟರು ಹೇಳಿದ್ದು ನಿಜವೇ ಎಂದು ಕೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಚೆನ್ನಾಗಿದ್ದೇನೆ ಮಗಾ ಎಂದಷ್ಟೇ ಹೇಳಿ ಫೋನು ಇಡುತ್ತೇನೆ.