ಮೂರು ಮೆಟ್ಟಿಲು ಒಣಗಿದ್ದ ದಿನ

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಭಾಗಮಂಡಲದ ಹತ್ತಿರ ಒಂದು ಶಾಲೆಯಲ್ಲಿ ನಾನು ಟೀಚರು. ಹಾಸನದ ಕಡೆ ಹುಟ್ಟಿ ಬೆಳೆದವಳು. ಅಲ್ಲಿ ಮಳೆ ಬಂದರೆ ಸಂತೋಷ ಪಡುತ್ತಿದ್ದೆವು, ಇಲ್ಲಿ ಮಳೆ ನಿಂತರೆ ಹಬ್ಬ! ನಾನಿದ್ದ ಮನೆಗೂ ಶಾಲೆಗೂ ನಡುವೆ ಗದ್ದೆ ಬಯಲು. ಕಕ್ಕಡ, ಅಂದರೆ ಆಷಾಢದ ಜಡಿಮಳೆಯ ತಿಂಗಳು, ಬಂತೆಂದರೆ ಹೊಳೆ ಉಕ್ಕಿ ಬಯಲಿಗೆ ನುಗ್ಗುತ್ತಿತ್ತು. ಬದು ಯಾವುದು, ಗದ್ದೆ ಯಾವುದು, ಒಂದೂ ಕಾಣದು. ಎಲ್ಲ ಕೆಂಪು ನೀರು.

ಆಳ ತಿಳಿಯಲು ಊರಿಗೊಂದು ಲೆಕ್ಕವಿತ್ತು. ಹೊಳೆಯ ಸ್ನಾನಘಟ್ಟಕ್ಕೆ ಹೋಗಿ ಮೇಲಿನಿಂದ ಒಣ ಮೆಟ್ಟಿಲು ಎಣಿಸುವುದು. ನಾಲ್ಕು ಇದ್ದರೆ ಬಯಲಲ್ಲಿ ಪಾದ ಮುಳುಗುತ್ತದೆ. ಮೂರಾದರೆ ಮೊಣಕಾಲು. ಎರಡೇ ಇದ್ದರೆ ಸುಮ್ಮನೆ ಮನೆಗೆ ಹೋಗಿ ಹಪ್ಪಳ ಸುಡಬೇಕು. ಕೆಳಗಿನಿಂದ ಎಣಿಸುವ ಹಾಗಿಲ್ಲ, ಕೆಳಗೆಲ್ಲ ನೀರಲ್ಲವೇ.

ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ನನ್ನ ಜೊತೆ ಬರುತ್ತಿದ್ದಳು. ಮಳೆಗಾಲದಲ್ಲಿ ಮಗಳನ್ನು ಶಾಲೆಗೆ ಕಳಿಸುವುದೇ ಇಲ್ಲ ಎಂದು ಅವಳ ತಾಯಿ ಹಟ ಹಿಡಿದಿದ್ದಳು. "ಕೈ ಹಿಡಿದು ಕರ್ಕೊಂಡು ಹೋಗ್ತೇನೆ, ಕೈ ಹಿಡಿದು ತಂದು ಬಿಡ್ತೇನೆ. ಬಿಡಿ ಮಾರಾಯ್ತಿ, ಮಗು ನಾಲ್ಕಕ್ಷರ ಕಲೀಲಿ" ಎಂದು ಬಾಯಿ ನೋಯುವಷ್ಟು ಹೇಳಿ ಒಪ್ಪಿಸಿದ್ದೆ. ನನ್ನ ಮಾತೇ ಅವಳಿಗೆ ಧೈರ್ಯ.

ಆ ವರ್ಷ ಮೊದಲ ಸಲ ಬಯಲಿಗೆ ನೀರು ನುಗ್ಗಿದ ದಿನ ಎಣಿಸಿದೆ, ಮೂರು. ಹುಡುಗಿಗೂ ಎಣಿಸು ಅಂದೆ, ಅವಳಿಗೂ ಮೂರು. ಸೀರೆ ಎತ್ತಿ ಕಟ್ಟಿ ಬಯಲಿಗೆ ಇಳಿದೆವು. ಹತ್ತು ಹೆಜ್ಜೆಗೆ ನೀರು ನನ್ನ ತೊಡೆ ಮುಟ್ಟಿತು. ಅಯ್ಯೋ, ಬದು ಬಿಟ್ಟು ಗದ್ದೆಗೆ ಇಳಿದೆನೇ? ಕಾಲಲ್ಲಿ ತಡಕಿದೆ, ಬದುವೇ. ಹಿಂದಿನ ದಿನ ಯಾರಾದರೂ ಬದು ಕಡಿದರೇ? ನಿಂತಲ್ಲೇ ತಿರುಗಿ ಮೆಟ್ಟಿಲು ನೋಡಿದೆ, ಮೂರೇ ಇತ್ತು. ಲೆಕ್ಕ ಸರಿ, ನೀರು ತಪ್ಪು! ತಲೆ ಕೆಟ್ಟ ಹಾಗಾಯಿತು. ಇನ್ನೂ ನಾಲ್ಕು ಹೆಜ್ಜೆ ಇಟ್ಟೆ, ಹುಚ್ಚಿ. ಆಗ ಕೈಯಲ್ಲಿದ್ದ ಪುಟ್ಟ ಕೈ ಜಗ್ಗಿತು. ನೋಡುತ್ತೇನೆ, ನೀರು ಹುಡುಗಿಯ ಗದ್ದದ ಹತ್ತಿರ. ಅವಳು ಚೀರಲೂ ಇಲ್ಲ. ಎತ್ತಿ ಹೆಗಲಿಗೆ ಹಾಕಿಕೊಂಡು ಹೇಗೆ ವಾಪಸ್ ಬಂದೆನೋ ದೇವರೇ ಬಲ್ಲ. ಸ್ಲೇಟು, ಚೀಲ ಎಲ್ಲ ಹೊಳೆ ಪಾಲು.

ಘಟ್ಟದಲ್ಲಿ ಸ್ನಾನಕ್ಕೆ ಬಂದಿದ್ದ ಅಜ್ಜ ಒಬ್ಬರು ನನ್ನನ್ನು ನೋಡಿ, "ಇದೆಂಥ ಟೀಚರೇ? ಬೇಸಿಗೇಲಿ ಮೇಲೊಂದು ಹೊಸ ಮೆಟ್ಟಿಲು ಕಟ್ಟಿದ್ದಾರಲ್ಲ, ಅದನ್ನೂ ಸೇರಿಸಿ ಎಣಿಸಿದ್ರಾ? ಹಳೇ ಲೆಕ್ಕಕ್ಕೆ ಎರಡೇ ಅಲ್ವಾ!" ಅಂದರು.

ಹೌದಲ್ಲ! ಆ ಹೊಸ ಮೆಟ್ಟಿಲ ಮೇಲೆ ಕೂತು ನಾನೇ ಎಷ್ಟು ಸಂಜೆ ಸೌತೆಕಾಯಿ ತಿಂದಿದ್ದೆ. ಕಂಡಿದ್ದೂ ಹೌದು, ಕೂತಿದ್ದೂ ಹೌದು. ಎಣಿಸುವಾಗ ಮಾತ್ರ ಅದು ಹೊಸದೆಂದು ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಸಂಜೆ ಹುಡುಗಿಯ ಮನೆಗೆ ಹೋದೆ. ಬೈಸಿಕೊಳ್ಳಲು ತಯಾರಾಗೇ ಹೋಗಿದ್ದೆ. ತಾಯಿ ಬಿಸಿ ಕಾಫಿ ತಂದುಕೊಟ್ಟು, "ಇವಳದ್ದೇ ಹುಡುಗಾಟವಂತೆ ಟೀಚರೇ. ನಿಮ್ಮ ಕೈ ಬಿಟ್ಟು ಗದ್ದೆಗೆ ಇಳಿದೆ ಅಂದಳು. ಬೆನ್ನಿಗೆ ನಾಲ್ಕು ಬಿಟ್ಟಿದ್ದೇನೆ" ಅಂದಳು. ಹುಡುಗಿ ಒಲೆಯ ಬದಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು.

ನಾನು ಲೋಟ ಕೆಳಗಿಟ್ಟೆ. "ಅವಳು ಕೈ ಬಿಡಲಿಲ್ಲ. ನಾನೇ ತಪ್ಪಾಗಿ ಎಣಿಸಿದೆ" ಅಂದೆ.

ತಾಯಿ ನನ್ನನ್ನೇ ನೋಡಿದಳು. ಅವಳು ಇನ್ನು ಮಗಳನ್ನು ಕಳಿಸುವುದಿಲ್ಲ ಎಂದು ಆ ಮುಖ ನೋಡಿಯೇ ಗೊತ್ತಾಯಿತು.

ಹುಡುಗಿಗೂ ಗೊತ್ತಾಗಿರಬೇಕು. ಕಂಬಳಿ ಬಿಸಾಕಿ ಎದ್ದು ನಿಂತು, "ಇಲ್ಲಮ್ಮ, ಟೀಚರು ಸರಿಯಾಗೇ ಎಣಿಸಿದ್ರು. ನಾನೂ ಎಣಿಸಿದೆ. ಮೂರೇ ಇತ್ತು" ಎಂದು ಅಳತೊಡಗಿದಳು.