ಸವೆದ ನಾಣ್ಯದ ಚಲಾವಣೆ

ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲೇ, ಅಣ್ಣ ಒಂದು ತೆಳ್ಳನೆಯ ತಾಮ್ರದ ನಾಣ್ಯ ಇಟ್ಟ. ನಡುವೆ ಚೌಕನೆಯ ತೂತು; ಅಕ್ಷರಗಳು ಅಳಿಸಿಹೋಗಿ, ಮುಟ್ಟಿದರೆ ತೇಯ್ದ ಸಾಬೂನಿನ ನುಣುಪು. ಹಳೆಯ ನಾಣ್ಯ ಸಂಗ್ರಹಿಸುವ ಹುಚ್ಚಿನ ಅವನು, ಆಸ್ಟಿನ್‌ನಿಂದ ಐ-35 ಹೆದ್ದಾರಿಯ ಟ್ರಾಫಿಕ್ ಬೈಯುತ್ತ ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗಲೆಲ್ಲ ಇಂಥದ್ದೊಂದು ತರುತ್ತಾನೆ. "ಹಳೇ ಜಪಾನಿಂದು. ಕಳಪೆ ಮಾಲು," ಎಂದ, ಹೆಮ್ಮೆಯಿಂದಲೇ.

ಆ ಕಾಲದಲ್ಲಿ ಅಲ್ಲಿ, ಚೀನಾದಿಂದ ಬಂದ ಒಳ್ಳೆಯ ನಾಣ್ಯವನ್ನು ಅಚ್ಚಿಗೆ ಒತ್ತಿ ನಕಲು ಎರಕ ಹೊಯ್ಯುತ್ತಿದ್ದರಂತೆ. ನಕಲಿನಿಂದ ಮತ್ತೊಂದು ನಕಲು. ಪ್ರತಿ ಸಲವೂ ನಾಣ್ಯ ಕೂದಲೆಳೆಯಷ್ಟು ಕುಗ್ಗಿ, ಅಕ್ಷರ ಇನ್ನಷ್ಟು ಮಂಕಾಗುತ್ತಿತ್ತು. ವ್ಯಾಪಾರಿಗಳು ಇಂಥವನ್ನು ಆರಿಸಿ ಆರಿಸಿ ತಳ್ಳುತ್ತಿದ್ದರು. ಎಲ್ಲರೂ ತಳ್ಳುತ್ತ ಕೂತರೆ ಸಂತೆ ನಡೆಯುವುದು ಹೇಗೆ, ನೀವೇ ಹೇಳಿ. ಕೊನೆಗೆ, ನೂರಕ್ಕೆ ಇಂತಿಷ್ಟು ಇವನ್ನೂ ತೆಗೆದುಕೊಳ್ಳಲೇಬೇಕೆಂದು ಆಳುವವರು ಕಟ್ಟಳೆ ಹೊರಡಿಸಬೇಕಾಯಿತು.

ನೆನಪೂ ಹೀಗೆಯೇ ಎಂಬುದು ನನ್ನ ಬಲವಾದ ಗುಮಾನಿ. ನಾವು ನಡೆದದ್ದನ್ನು ನೆನೆಯುವುದಿಲ್ಲ. ಹಿಂದಿನ ಸಲ ನೆನೆದದ್ದನ್ನು ನೆನೆಯುತ್ತೇವೆ. ನನ್ನ ನೆನಪನ್ನಂತೂ ನಾನು ಸಾಕ್ಷಿಗೆ ಕರೆಯಲಾರೆ.

ಅಪ್ಪ ತೀರಿಕೊಂಡ ಮೇಲೆ ನನ್ನ ಜೊತೆಗಿರುವ ಅವ್ವ ನಾಣ್ಯ ನೋಡಿ ನಕ್ಕಳು. "ನಿಮ್ಮಪ್ಪನೂ ಹಿಂಗ, ಬ್ಯಾಡಾದ್ದೆಲ್ಲಾ ಕಿಸೆದಾಗ ತುಂಬಕೊಂಡು ಬರ್ತಿದ್ರು. ಆವತ್ತ ಧಾರವಾಡ ಸ್ಟೇಷನ್ನಿನಾಗ ಪೇಡೆ ತರಾಕ ಇಳದ್ರು ನೋಡು, ಗಾಡಿ ಬಿಟ್ಟಬಿಡ್ತು!"

"ಪೇಡೆ ಅಲ್ಲವ್ವಾ, ನೀರು. ತಂಬಿಗಿ ಹಿಡಕೊಂಡು ಇಳದಿದ್ರು," ಎಂದ ಅಣ್ಣ.

"ಹೌದೇನಪಾ? ಹಂಗಾರ ನೀನ ಹೇಳು."

ಅವ್ವ ತಾಟುಗಳನ್ನೆತ್ತಿಕೊಂಡು ಸಿಂಕಿನ ಕಡೆ ಹೋದಳು. ಇದು ಹೊಸದಲ್ಲ. ಅಣ್ಣ ಒಂದೊಂದೇ ತಿದ್ದಿದಂತೆ ಅವಳು ಒಂದೊಂದೇ ಕಥೆ ಹೇಳುವುದನ್ನು ಬಿಟ್ಟುಬಿಡುತ್ತಿದ್ದಾಳೆ; ಇದೂ ಹೋದರೆ ಈ ಮನೆಯಲ್ಲಿ ಅಪ್ಪನ ಮಾತು ಎತ್ತುವವರೇ ಇರುವುದಿಲ್ಲ. ಅಣ್ಣನ ನೀರು ನಿಜವೇ ಇರಬಹುದು. ಆದರೆ ಅವನದು ಪೆಟ್ಟಿಗೆಯಲ್ಲಿ ಮಲಗಿರುವ ನಾಣ್ಯ. ಕೈಯಿಂದ ಕೈಗೆ ಓಡಾಡುವುದು ಅವ್ವನದು.

"ಆಮ್ಯಾಲೇನಾತವ್ವಾ?" ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. "ಓಡಿ ಬಂದು ಹತ್ತಿದ್ರು. ನೀ ನನ್ನ ಬಗಲಾಗ ಇದ್ದಿ, ಹಸರ ಫ್ರಾಕು ಹಾಕ್ಕೊಂಡು. ಚಪ್ಪಾಳಿ ತಟ್ಟಿದಿ."

ನಾನಾಗ ಹುಟ್ಟಿಯೇ ಇರಲಿಲ್ಲ. ಅಣ್ಣ ಬಾಯಿ ತೆರೆದ. ನಾನು ಅವನನ್ನೇ ನೋಡಿದೆ. ತೆರೆದ ಬಾಯಿಯನ್ನು ಏನಾದರೂ ಮಾಡಲೇಬೇಕಲ್ಲ, ಕೇಳಿದ: "ಮತ್ತ ನಾ ಎಲ್ಲಿದ್ನಿ?"

"ನೀನಾ? ಕಿಡಕಿ ಹಂತ್ಯಾಕ ಕುಂತು ಎಲ್ಲಾರ ತಪ್ಪು ಎಣಸ್ತಿದ್ದಿ."

ಅವ್ವ ಕೈ ಒರೆಸಿಕೊಂಡು ಬಂದು, ಕುರ್ಚಿ ಎಳೆದು ಕುಳಿತಳು. ಅವಳ ಕಥೆಯ ಗಾಡಿ ಹುಬ್ಬಳ್ಳಿ ಮುಟ್ಟಲು ಇನ್ನೂ ಬಹಳ ಹೊತ್ತಿತ್ತು.